ಮೈನಸ್ ಐದು

ನನ್ನ ದನಿ ಕೆಟ್ಟಿದೆ ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದ್ದರೆ ಅವರ ಹೆಸರು ಹೇಳಿ, ನಾನೇ ಹೋಗಿ ವಿಚಾರಿಸಿಕೊಳ್ಳುತ್ತೇನೆ. ದನಿ ಕೆಟ್ಟಿಲ್ಲ, ಕೆಳಗಿಳಿದಿದೆ. ಈ ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಮನೆಯವರ ತಲೆಗೆ ಹೋಗಲು ವರ್ಷ ಹಿಡಿಯಿತು. ಆ ವರ್ಷದುದ್ದಕ್ಕೂ ಅವರು ನನಗೆ ಒಂದು ಸುಳ್ಳು ಹೇಳಿದರು. ಇಂದು ನಮ್ಮ ತಂಡ ಹೀಗೆ ಗುಡುಗುತ್ತಿದ್ದರೆ ಅದಕ್ಕೆ ಆ ಸುಳ್ಳೇ ಕಾರಣ.

ನಾನು ಮಲ್ಲಿಕಾ. ಹಗಲು ಕುಂದಗೋಳದಲ್ಲಿ ಅಂಗನವಾಡಿ ಟೀಚರು, ಸಂಜೆಯಾದರೆ ‘ಮಧುರ ಮೆಲೋಡೀಸ್’ ತಂಡದ ಗಾಯಕಿ. ತಂಡವೆಂದರೆ ಹೊರಗಿನವರು ಯಾರೂ ಇಲ್ಲ, ನನ್ನ ತವರುಮನೆಯೇ. ಕೀಬೋರ್ಡಿಗೆ ಅಪ್ಪ ಹನಮಪ್ಪ, ಬಸ್ ಕಂಡಕ್ಟರಾಗಿ ರಿಟೈರ್ ಆದವನು. ಗಿಟಾರಿಗೆ ದೊಡ್ಡ ತಮ್ಮ ಹುಲಿಗೇಶ, ತಾಳಕ್ಕೆ ಸಣ್ಣ ತಮ್ಮ ಪ್ರತಾಪ. ಅವ್ವ ಮರೆವ್ವ ವೇದಿಕೆ ಹತ್ತುವುದಿಲ್ಲ. ಆದರೆ ಅವಳು ಇಸ್ತ್ರಿ ಮಾಡದ ಅಂಗಿ ತೊಟ್ಟು ಯಾರೂ ವೇದಿಕೆ ಹತ್ತುವಂತಿಲ್ಲ. ಮದುವೆಯ ಆರತಕ್ಷತೆ, ತೊಟ್ಟಿಲ ಕಾರ್ಯಕ್ರಮ, ಕಾಲೇಜಿನ ಗ್ಯಾದರಿಂಗ್, ಎಲ್ಲಿ ಕರೆದರೂ ನಾವು ಹಾಜರು. ಅಣ್ಣಿಗೇರಿಯಿಂದ ಕಲಘಟಗಿಯವರೆಗೆ ಇಂಪಾದ ಸಿನಿಮಾ ಹಾಡು ಬೇಕೆಂದರೆ ಜನ ನಮ್ಮನ್ನೇ ಕೇಳುತ್ತಿದ್ದರು. ನನ್ನ ದನಿಯನ್ನು ಸಕ್ಕರೆ ಪಾಕ ಎನ್ನುತ್ತಿದ್ದರು. ಹೊಗಳಿದಾಗ ನಾಚಿಕೊಳ್ಳುವ ಅಭ್ಯಾಸ ನನಗಿಲ್ಲ, ಹೌದು ಎನ್ನುತ್ತಿದ್ದೆ.

ಆಮೇಲೆ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಎದ್ದಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಮೊದಲೇ ಹೇಳಿದ್ದರು: "ಮಾತಿಗೇನೂ ತೊಂದರಿ ಇಲ್ಲವಾ. ಮ್ಯಾಲಿನ ಸ್ವರ ಮಾತ್ರ ಮೊದಲಿನಂಗ ಬರೂದು ಅನುಮಾನ." ನಾನು ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ. ಗಾಯ ಮಾಗಿದ ಮೇಲೆ ಮೊದಲ ಕಾರ್ಯಕ್ರಮಕ್ಕೆ ನಿಂತಾಗ ಅಳುಕಿದ್ದು ನಿಜ. ಆದರೆ ಹಾಡು ಬಂತು, ಸಲೀಸಾಗಿ ಬಂತು. ಮನೆಗೆ ಬರುವಾಗ ಟಾಟಾ ಏಸಿನಲ್ಲಿ ಕುಳಿತು, "ಡಾಕ್ಟರಿಗೇನ್ ಗೊತ್ತೈತಿ ಹಾಡಿನ ಬಗ್ಗೆ!" ಎಂದು ದೊಡ್ಡದಾಗಿ ಕೊಚ್ಚಿಕೊಂಡೆ. ಅಪ್ಪ ಹೊರಗೆ ಹೊಲ ನೋಡುತ್ತ ಕುಳಿತಿದ್ದ. ತಮ್ಮಂದಿರು ಮೊಬೈಲಿನಲ್ಲಿ ಮುಖ ಹುದುಗಿಸಿದ್ದರು.

ನಮ್ಮ ತಂಡದ ಒಂದು ರೂಢಿ ಹೇಳಬೇಕು. ಯಾವ ಪಟ್ಟಿಯಲ್ಲಿ, ಅಂದರೆ ಎಷ್ಟು ಎತ್ತರದ ಸ್ವರದಲ್ಲಿ ಹಾಡಬೇಕು ಎನ್ನುವುದು ಅಪ್ಪನ ಮರ್ಜಿ. ಅವನು ಕೀಬೋರ್ಡಿನಲ್ಲಿ ಮೊದಲ ಸ್ವರ ಹಿಡಿದರೆ ನಾವು ಅದರ ಬೆನ್ನು ಹತ್ತಬೇಕು. ಹಾಡುವವರನ್ನು ಕೇಳುವ ಪದ್ಧತಿಯೇ ಇಲ್ಲ. ನಾನೂ ಎಂದೂ ಕೇಳಿರಲಿಲ್ಲ, ಊಟಕ್ಕೆ ಕುಳಿತವರು ರೊಟ್ಟಿ ಯಾವ ಹಿಟ್ಟಿನದು ಎಂದು ಕೇಳುತ್ತಾರೆಯೇ?

ಆ ವರ್ಷ ತಂಡದ ಸದ್ದು ಬದಲಾಗತೊಡಗಿತು. ಹುಲಿಗೇಶನ ಗಿಟಾರು ಮೊದಲು ಕಿಣಿಕಿಣಿ ಎನ್ನುತ್ತಿತ್ತು, ಈಗ ಗುರ್ ಎನ್ನತೊಡಗಿತು. ದಪ್ಪ ತಂತಿ ತಂದ, ಕಾಲಲ್ಲಿ ಒತ್ತುವ ಪೆಡಲ್ ಒಂದು ತಂದ. ಒತ್ತಿದರೆ ಟ್ರಾಕ್ಟರ್ ಏರು ಹತ್ತಿದ ಹಾಗೆ ಸದ್ದು. ಪ್ರತಾಪ ರಿದಮ್ ಪ್ಯಾಡನ್ನು ಮೂಲೆಗೆ ತಳ್ಳಿ ಯಾರದೋ ಹಳೆಯ ಡ್ರಮ್ ಸೆಟ್ ತಂದು ಕೂರಿಸಿದ. ಅದೇ ಲಗ್ನದ ಹಾಡುಗಳೇ, ಆದರೆ ಕಾಲಲ್ಲಿ ಬೂಟು ಹಾಕಿಕೊಂಡು ಬಂದ ಹಾಗಿದ್ದವು. ಅಣ್ಣಿಗೇರಿಯ ಗ್ಯಾದರಿಂಗಿನಲ್ಲಿ ಹುಡುಗರು ಕುರ್ಚಿ ಬಿಟ್ಟೆದ್ದು ಕುಣಿದರು. ನನಗೂ ಖುಷಿ. ತಮ್ಮಂದಿರಿಗೆ ಹೊಸ ಹುಚ್ಚು ಹಿಡಿದಿದೆ, ಹಿಡಿಯಲಿ ಎಂದುಕೊಂಡೆ.

ಅಪ್ಪನ ಮುಖ ಮಾತ್ರ ಗಂಟು. ಒಂದು ದಿನ, "ನವಲಗುಂದದಿಂದ ಒಬ್ಬಾಕಿ ಹುಡುಗಿ ಬರ್ತಾಳ, ನಾಜಮೀನ್ ಅಂತ. ಚಲೋ ಹಾಡ್ತಾಳ. ನಿನಗೂ ಒಂದೀಟು ಆರಾಮ ಆಗ್ತೈತಿ" ಎಂದ. ಆರಾಮ ಬೇಕೆಂದು ನಾನು ಯಾರ ಹತ್ತಿರ ಕೇಳಿದ್ದೆ?

ಆಕೆ ಬಂದಳು. ಡಿಗ್ರಿ ಓದುವ ಹುಡುಗಿ. ಜೊತೆಗೆ ಜಮಖಾನ ನೇಯುವ ಅಜ್ಜಿ ಮೆಹರುನಬಿ. ಅಜ್ಜಿ ಅವ್ವನ ಜೊತೆ ಅಡುಗೆಮನೆ ಸೇರಿದರು, ಹುಡುಗಿ ಪಡಸಾಲೆಯಲ್ಲಿ ಮೈಕ್ ಹಿಡಿದಳು. ಅಪ್ಪ ಸ್ವರ ಹಿಡಿದ. ಎರಡು ಸಾಲು ಹಾಡಿ ಆಕೆ ನಿಲ್ಲಿಸಿಬಿಟ್ಟಳು.

"ಕಾಕಾ, ಇದು ಭಾಳ ಕೆಳಗ ಐತ್ರಿ. ನನಗ ಇಷ್ಟು ಕೆಳಗ ಹಾಡಾಕ ಬರೂದಿಲ್ಲ."

"ಹಂಗೇನಿಲ್ಲವಾ. ಹಾಡು ನೀ."

"ಖರೇನ ರೀ ಕಾಕಾ." ಎಂದವಳೇ ಕೀಬೋರ್ಡಿನ ಹತ್ತಿರ ಬಂದಳು. ಅದರ ಪುಟ್ಟ ಪರದೆಯ ಮೇಲೆ ಅಪ್ಪ ಕರಿ ಟೇಪ್ ಅಂಟಿಸಿದ್ದ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಿದ್ದ, ನಾನು ನಂಬಿದ್ದೆ. ನಾಜಮೀನ್ ಉಗುರಿನಿಂದ ಟೇಪ್ ಕಿತ್ತಳು. "ಅಯ್ಯ, ಮೈನಸ್ ಐದಕ್ಕ ಇಟ್ಟೀರಲ್ರಿ! ಖರೇ ಹಾಡಿಗಿಂತ ಐದು ಮನಿ ಕೆಳಗ ನುಡೀತೈತಿ ಇದು. ಯಾರ ಸಲುವಾಗಿ ಇಟ್ಟೀರಿ?"

ಹುಲಿಗೇಶ ಗಿಟಾರಿನ ಮೇಲೆ ಬಗ್ಗಿ ಏನೋ ಹುಡುಕುತ್ತಿರುವವನಂತೆ ನಟಿಸಿದ. ಆ ಹುಡುಗಿ ಪಾಪ, ಎಲ್ಲರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ಲೇ ಹುಲಿಗ್ಯಾ, ಬೊಗಳು" ಎಂದೆ.

ಬೊಗಳಿದ. ಆಪರೇಷನ್ ಆದ ಮೇಲೆ ಮನೆಯಲ್ಲಿ ನಾನು ಗುನುಗುವುದನ್ನು ಕೇಳಿಯೇ ಅಪ್ಪನಿಗೆ ಗೊತ್ತಾಗಿತ್ತಂತೆ, ಮೇಲಿನ ಸ್ವರ ಹೋಗಿದೆ ಎಂದು. ನನ್ನ ಎದೆ ಒಡೆಯಬಾರದೆಂದು ಕೀಬೋರ್ಡಿನ ಒಂದು ಮನೆ, ಅಂದರೆ ಅರ್ಧ ಸ್ವರ, ಇಳಿಸಿದನಂತೆ. ಅದೂ ಸಾಲದಾದಾಗ ಇನ್ನೊಂದು. ಕೀಬೋರ್ಡಿಗೆ ಗುಂಡಿ ಇದೆ, ಒತ್ತಿದರೆ ಮುಗಿಯಿತು. ಗಿಟಾರಿಗೆ ಆ ಸುಖ ಎಲ್ಲಿಂದ ಬರಬೇಕು? ಹುಲಿಗೇಶ ತಂತಿ ಸಡಿಲು ಮಾಡುತ್ತ ಹೋದ. ಸಡಿಲಾದ ತಂತಿ ಗಿರಿಗುಟ್ಟಿತು. ಆ ಗಿರಿಗಿರಿ ಮುಚ್ಚಲು ಅದಕ್ಕಿಂತ ದೊಡ್ಡ ಸದ್ದಿನ ಪೆಡಲ್ ತಂದ. ಪೆಡಲಿನ ಮುಂದೆ ಪ್ಯಾಡ್ ಕೇಳಿಸದೆ ಪ್ರತಾಪ ಡ್ರಮ್ ತಂದ. ಒಂದು ಸುಳ್ಳಿಗೆ ಇಷ್ಟು ಸಾಮಾನು!

"ಸುಳ್ಳ ಅಂದ್ರ ಸುಳ್ಳಕ್ಕಾ, ಆದ್ರ ಸೌಂಡ್ ಮಾತ್ರ ಅಗದಿ ಖಡಕ್ ಆತು ನೋಡು" ಎಂದು ಪ್ರತಾಪ ಹಲ್ಲು ಕಿರಿದ. ಕೈಗೆ ಸಿಕ್ಕ ತಂಬಿಗೆ ಎಸೆದೆ, ತಪ್ಪಿಸಿಕೊಂಡ.

ಅವ್ವ ಒಳಗಿನಿಂದ ಓಡಿ ಬಂದಳು. "ಮಲ್ಲಿ, ನಿನಗ ಸಂಕಟ ಆಗಬಾರ್ದು ಅಂತ ಮಾಡ್ಯಾರವಾ..."

"ನೀನೂ ಕೂಡೀಯೇನಬೇ ಇವರ ಜೋಡಿ!"

ಅಂಗನವಾಡಿಯಲ್ಲಿ ಸಣ್ಣ ಮಕ್ಕಳ ಜೊತೆ ಓಡುವಾಗ ನಾನು ಬೇಕೆಂದೇ ಸೋಲುತ್ತೇನೆ. ಅವು ಗೆದ್ದೆವೆಂದು ಚಪ್ಪಾಳೆ ತಟ್ಟಿ ಕುಣಿಯುತ್ತವೆ. ನನ್ನ ಮನೆಯವರು ನನ್ನನ್ನೇ ಹಾಗೆ ಕುಣಿಸಿದ್ದರು. ಮೈಯೆಲ್ಲ ಉರಿಯಿತು. ಗಂಡನ ಮನೆ ಪಕ್ಕದ ಓಣಿಯಲ್ಲೇ ಇದೆ. ಎದ್ದು ಅಲ್ಲಿಗೆ ಹೋದವಳು ಆ ವಾರವೆಲ್ಲ ತವರಿನ ಹೊಸ್ತಿಲು ತುಳಿಯಲಿಲ್ಲ. ಅಳುತ್ತಿದ್ದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಸಕ್ಕರೆ ಪಾಕ ಸತ್ತುಹೋಗಿತ್ತು, ಅದರ ಮಣ್ಣಿಗೆ ನನ್ನನ್ನು ಬಿಟ್ಟು ಮನೆಮಂದಿಯೆಲ್ಲ ಹೋಗಿ ಬಂದಿದ್ದರು.

ಹಾಗೆ ಅಳುತ್ತಿರುವಾಗಲೇ ಅಣ್ಣಿಗೇರಿಯ ಕಾಲೇಜಿನ ಹುಡುಗಿಯೊಬ್ಬಳು ಗ್ಯಾದರಿಂಗಿನ ದಿನದ ವಿಡಿಯೊ ಕಳಿಸಿದಳು. ಹಾಕಿ ನೋಡಿದೆ. ಗುರುಗುಟ್ಟುವ ಗಿಟಾರಿನ ನಡುವಿನಿಂದ ಒಬ್ಬ ಹೆಂಗಸಿನ ದನಿ ಬರುತ್ತಿತ್ತು. ದಪ್ಪ, ಅಗಲ, ಅಂಚಿನಲ್ಲಿ ಸ್ವಲ್ಪ ಸೀಳು. ಯಾರಿಗೂ ಮಸ್ಕಾ ಹೊಡೆಯದ ದನಿ. ಇವಳ್ಯಾರಪ್ಪಾ ಎನ್ನಿಸಿತು. ಮತ್ತೊಮ್ಮೆ ಕೇಳಿದೆ, ಕಣ್ಣೊರೆಸಿಕೊಂಡು ಮತ್ತೂ ಒಮ್ಮೆ ಕೇಳಿದೆ. ನನಗೆ ಅವಳು ಬಹಳ ಹಿಡಿಸಿದಳು. ಆ ಸಕ್ಕರೆ ಗೊಂಬೆಗಿಂತ ಹಿಡಿಸಿದಳು.

ಮರುದಿನ ತವರಿಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಹುಲಿಗ್ಯಾ, ಇನ್ನೊಂದು ಮನಿ ಇಳಸು."

"ಅಕ್ಕಾ, ತಂತಿ ಜೋತು ಬೀಳ್ತಾವ."

"ಬಿದ್ರ ಇನ್ನೂ ದಪ್ಪನೂವು ತಂದ ಹಾಕು. ಕದ್ದು ಇಳಿಸೂದು ಸಾಕು, ಇನ್ನ ಮುಂದ ರಾಜಾರೋಷ ಇಳಸೂಣು."

ಲಗ್ನದ ಹಾಡು ಬೇಡವೆಂದು ನಾನೇ ಒಂದು ಹಾಡು ಕಟ್ಟಿದೆ. ಅಂಗನವಾಡಿಗೆ ಹೋಗುವ ದಾರಿಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟು ನಿಂತಿರುತ್ತದೆ, ಅದರ ಮೇಲೆ.

ಎರಿ ಹೊಲ ಬಿರದೈತಿ, ಕಾಲು ಇಳಿಯುವಷ್ಟು ಬಿರದೈತಿ
ಮುಚ್ಚಬ್ಯಾಡ್ರಿ ಅದನ, ಮಳಿ ಒಳಗ ಇಳೀಬೇಕೈತಿ

ತಮ್ಮಂದಿರು ಹುಚ್ಚೆದ್ದು ಬಾರಿಸಿದರು. ನಾನು ಹೊಟ್ಟೆಯಿಂದ ಹಾಡಿದೆ. ಕಿಟಕಿಯ ಗಾಜು ನಡುಗಿತು, ಪಕ್ಕದ ಮನೆಯ ರೇವವ್ವ ಬಂದು, "ಏನ್ರವ್ವ, ಮನಿ ಕೆಡವಾಕತ್ತೀರೇನು?" ಎಂದು ಕೇಳಿ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿ ಹೋದಳು.

ಅಪ್ಪ ಎದ್ದು ಕೀಬೋರ್ಡಿನ ಸ್ವಿಚ್ ಆರಿಸಿದ. "ಇದು ಹಾಡಲ್ಲ, ಬಡಿಯೂದು. ಬಡ್ಯಾಕಂತ ನಾ ಕೀಬೋರ್ಡ್ ಕಲೀಲಿಲ್ಲ."

ಈ ಮಾತಿನ ಹಿಂದೆ ಏನಿದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮುತ್ಯಾ, ಅಪ್ಪನ ಅಪ್ಪ, ತೊಗಲಿನ ಹಲಗೆ ಬಾರಿಸುತ್ತಿದ್ದ. ತನಗೆ ಬೇಕೆಂದಾಗ ಅಲ್ಲ. ಊರ ದೊಡ್ಡ ಮನೆಗಳಲ್ಲಿ ಸತ್ತರೂ ಹೆತ್ತರೂ ಕರೆ ಬರುತ್ತಿತ್ತು, ಜ್ವರವಿದ್ದರೂ ಹೋಗಬೇಕಿತ್ತು, ಹೋಗಿ ಅಂಗಳದ ಹೊರಗೆ ನಿಲ್ಲಬೇಕಿತ್ತು. ಹಲಗೆ ಕಾಸಲು ಹುಲ್ಲಿಗೆ ಬೆಂಕಿ ಹಚ್ಚಿ ಕೊಡುತ್ತಿದ್ದವನು ಅಪ್ಪ. ಮುತ್ಯಾ ಸತ್ತಾಗ ಅಪ್ಪ ಆ ಹಲಗೆಯನ್ನು ಅವನ ಜೊತೆಗೇ ಮಣ್ಣಿಗಿಟ್ಟ. ಮುಂದಿನ ಸಲ ಕರೆ ಬಂದಾಗ ಬರುವುದಿಲ್ಲ ಎಂದ. ಆ ‘ಬರುವುದಿಲ್ಲ’ಕ್ಕೆ ಆಗ ಅವನು ತೆತ್ತದ್ದು ಸಣ್ಣದಲ್ಲ, ಕಿರಾಣಿ ಅಂಗಡಿಯವರು ಸಹ ಅವನಿಗೆ ಸಾಮಾನು ಕೊಡುವುದನ್ನು ನಿಲ್ಲಿಸಿದ್ದರು. ಆಮೇಲೆ ನೌಕರಿ ಹಿಡಿದ, ಹಾರ್ಮೋನಿಯಂ ಕಲಿತ, ಕೀಬೋರ್ಡಿಗೆ ಬಂದ. ಬಿಳಿ ಅಂಗಿ, ವೇದಿಕೆ, ಮೈಕಿನಲ್ಲಿ ಹನಮಪ್ಪನವರು ಎಂಬ ಹೆಸರು. ಅವನಿಗೆ ಇಂಪು ಎಂದರೆ ಮರ್ಯಾದೆ. ಅದಕ್ಕೇ ಅವನು ನನ್ನ ಗಂಟಲನ್ನು ಅಷ್ಟು ಜೋಪಾನ ಮಾಡಿದ್ದು.

ಇದೆಲ್ಲ ಗೊತ್ತಿದ್ದೂ ನಾನು ಸೋಲಲಿಲ್ಲ. ಏಕೆಂದರೆ ಅವನು ಮುಂದಿನ ಮಾತು ಹೇಳಿಬಿಟ್ಟ: "ಬಾಬಾಸಾಹೇಬರ ಜಯಂತಿ ದಿನ ನಮ್ಮ ಓಣ್ಯಾಗ ಕಾರ್ಯಕ್ರಮ ಐತಿ. ನಡುವಿನ ಮೈಕ್ ನಾಜಮೀನಂದು. ನೀ ಕೋರಸ್‌ನ್ಯಾಗ ನಿಲ್ಲು. ತಂಡ ನಂದೈತಿ."

ಹದಿನಾರರ ವಯಸ್ಸಿನಿಂದ ನಾನು ನಿಂತ ಜಾಗ ಅದು. ಆ ನಡುವಿನ ಮೈಕ್ ಹೋದರೆ ನಾನು ಹಾಡುವವಳಲ್ಲ, ಹಾಡುವವರ ಹಿಂದೆ ಆ ಆ ಎನ್ನುವವಳು.

"ಅಪ್ಪಾ, ಒಂದ ಒಂದು ಹಾಡು ಕೊಡು. ನಮ್ಮ ಓಣಿ ಮಂದಿ ಮುಂದ, ನನ್ನ ದನಿಯಾಗ, ನನ್ನ ಪಟ್ಟ್ಯಾಗ. ಮಂದಿ ಎದ್ದು ಹೋದ್ರ ನಾನ ಕೋರಸ್‌ಗೆ ಹೋಗಿ ನಿಲ್ತೀನಿ, ನಿನ್ನ ಬಾಯಿಂದ ಮತ್ತೊಮ್ಮಿ ಹೇಳಸ್ಕೊಳ್ಳೂದಿಲ್ಲ."

"ಕೊಟ್ಟೆ. ಆದ್ರ ಆ ಹಾಡಿಗೆ ನಾ ಕೈ ಹಚ್ಚೂದಿಲ್ಲ" ಎಂದ ಅಪ್ಪ.

ಏಪ್ರಿಲ್ ಬಂತು. ಜಯಂತಿಯ ಸಂಜೆ ಓಣಿಯ ತುಂಬ ನೀಲಿ ಬಾವುಟ, ಬಾಬಾಸಾಹೇಬರ ಫೋಟೊಗೆ ಆಳೆತ್ತರದ ಹಾರ. ವಂದನೆಯಾದ ಮೇಲೆ ನಮ್ಮ ಸರದಿ. ನಾಜಮೀನ್ ಮೂರು ಹಾಡು ಹಾಡಿದಳು. ಸುಳ್ಳೇಕೆ ಹೇಳಲಿ, ಚಂದ ಹಾಡಿದಳು. ಜನ ಚಪ್ಪಾಳೆ ತಟ್ಟಿದರು, ಅಪ್ಪನ ಮುಖ ಅರಳಿತು. ಮೈಕ್ ಬಿಟ್ಟುಕೊಡುವಾಗ ಆಕೆ ನನ್ನ ಕೈ ಒತ್ತಿ, "ಬಿಡಬ್ಯಾಡ್ರಿ ಅಕ್ಕಾ" ಎಂದಳು. ಅಪ್ಪ ಎದ್ದು ವೇದಿಕೆ ಇಳಿದು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೂಳಪ್ಪ ಕಾಕಾನ ಕುರ್ಚಿಯ ಪಕ್ಕ ಕೈಕಟ್ಟಿ ನಿಂತ. ಗೂಳಪ್ಪ ಕಾಕಾ ಮುತ್ಯಾನ ಜೋಡಿ ಹಲಗೆ ಬಾರಿಸಿದವರು, ಓಣಿಗೆಲ್ಲ ಹಿರಿಯರು.

ಪ್ರತಾಪ ಕೋಲು ಎತ್ತಿದ, ಹುಲಿಗೇಶ ಪೆಡಲ್ ತುಳಿದ, ನಾನು ಹಾಡಿದೆ. ದನಿ ಬಂತು, ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಆದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಎಲ್ಲೋ ಪೊಳ್ಳು ಹೊಡೆಯುತ್ತಿದೆ ಎನ್ನಿಸಿತು. ಪಡಸಾಲೆಯಲ್ಲಿ ಗೋಡೆಗಳು ಹಿಡಿದಿಟ್ಟಿದ್ದ ಗುಡುಗು ಬಯಲಿನಲ್ಲಿ ಹಾರಿಹೋಗುತ್ತಿತ್ತು. ಮೇಲೆ ನನ್ನ ದನಿ, ನಡುವೆ ಗಿಟಾರಿನ ಗುರ್, ಅದರ ಕೆಳಗೆ ಏನೂ ಇಲ್ಲ, ಡಬಡಬ ಮಾತ್ರ. ಮುಂದಿನ ಸಾಲಿನ ಇಬ್ಬರು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಎದ್ದರು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ನನಗೆ ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು.

ನಾನು ಹಾಡು ನಿಲ್ಲಿಸಿದೆ. ನಮ್ಮ ತಂಡದಲ್ಲಿ ಕರೆಂಟ್ ಹೋದಾಗಲೂ ಹಾಡು ನಿಂತದ್ದಿಲ್ಲ. ತಮ್ಮಂದಿರು ಬೆಪ್ಪಾಗಿ ನೋಡಿದರು. ಮೈಕಿನಲ್ಲೇ ಕರೆದೆ:

"ಅಪ್ಪಾ, ಹಾಡಿಗೆ ತಳ ಇಲ್ಲ. ಮ್ಯಾಲ ಬಾ."

ಓಣಿಗೆ ಓಣಿಯೇ ಅಪ್ಪನ ಕಡೆ ತಿರುಗಿತು. ಅವನು ಅಲ್ಲಾಡಲಿಲ್ಲ.

"ಕೀಬೋರ್ಡಿನ ಎಡಗೈ ಕಡಿ ಸ್ವರ ಬೇಕಾಗ್ಯಾವ ನನಗ. ಅಲ್ಲಿ ನಿನ್ನಷ್ಟು ಗಟ್ಟಿ ಕೈ ಯಾರ್ದೂ ಇಲ್ಲ. ನಾ ನಿನ್ನ ಬಡ್ಯಾಕ ಕರ್ಯಾಕತ್ತಿಲ್ಲಪಾ, ನನ್ನ ಜೋಡಿ ನುಡಸಾಕ ಕರ್ಯಾಕತ್ತೀನಿ. ಬರ್ಲಿಲ್ಲಂದ್ರೂ ಸಿಟ್ಟಿಲ್ಲ. ಹಾಡು ಇದ್ದಂಗ ಮುಗಸ್ತೀನಿ, ನಾಳಿಂದ ಕೋರಸ್‌ನ್ಯಾಗ ನಿಲ್ತೀನಿ. ಬರೂದೂ ಬಿಡೂದೂ ನಿನ್ನ ಇಚ್ಛಾ."

ಇಷ್ಟು ಹೇಳಿ ಹುಲಿಗೇಶನಿಗೆ ಶುರು ಮಾಡು ಎಂದೆ. ಅಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ದನಿ ಒಡೆಯುತ್ತಿತ್ತು. ಮೊದಲ ಸಾಲು ಮತ್ತೆ ಹಾಡಿದೆ, ಅದೇ ಪೊಳ್ಳು. ಎರಡನೆಯ ಸಾಲಿಗೆ ಬಂದಾಗ ವೇದಿಕೆಯ ಹಲಗೆಗಳು ನನ್ನ ಅಂಗಾಲಿನ ಕೆಳಗೆ ನಡುಗಿದವು. ತಿರುಗಿದರೆ ಅಪ್ಪ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಎರಡೇ ಎರಡು ಸ್ವರ, ಕೀಬೋರ್ಡಿನ ತುದಿಯ ಅತಿ ಕೆಳಗಿನ ಸ್ವರಗಳನ್ನು ನುಡಿಸುತ್ತಿದ್ದ. ಬರೀ ನುಡಿಸುತ್ತಿರಲಿಲ್ಲ, ತಾಳಕ್ಕೆ ಒಂದು ಕೂದಲೆಳೆ ಹಿಂದೆ ಉಳಿದು, ಆಮೇಲೆ ಮೇಲೆ ಬೀಳುತ್ತಿದ್ದ. ಆ ನಡೆ ಯಾವ ಸಿನಿಮಾ ಹಾಡಿನದೂ ಅಲ್ಲ. ಪ್ರತಾಪ ಒಂದು ಕ್ಷಣ ಬಾಯಿ ತೆರೆದು ನೋಡಿ, ತನ್ನ ತಾಳ ಬಿಟ್ಟು ಅಪ್ಪನ ತಾಳಕ್ಕೆ ಬಂದ.

ಆಮೇಲೆ ನಾನು ಹಾಡಿದ್ದು ಹಾಡು. ಬಿರುಕಿನ ಸಾಲು ಬಂದಾಗ ದನಿಯನ್ನು ಸೀಳಿಬಿಟ್ಟೆ, ಮುಚ್ಚಲು ಹೋಗಲಿಲ್ಲ. ಎದ್ದ ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಲ್ಲೇ ತೂಗಿದರು. ಹುಡುಗರು ಮುಂದೆ ನುಗ್ಗಿದರು. ಮುದುಕರು ಪ್ಲಾಸ್ಟಿಕ್ ಕುರ್ಚಿಯ ಕೈ ಬಡಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ. ಹಾಡು ಮುಗಿದಾಗ ಎದ್ದ ಸದ್ದು ರೈಲ್ವೆ ಸ್ಟೇಷನ್ನಿನವರೆಗೆ ಕೇಳಿರಬೇಕು.

ಆ ಗದ್ದಲದ ನಡುವೆ ಗೂಳಪ್ಪ ಕಾಕಾ ಕೋಲೂರಿ ಎದ್ದು ನಿಂತರು. ಹಿರಿಯರು ಎದ್ದರೆಂದು ಜನ ಸುಮ್ಮನಾದರು. ಅವರು ವೇದಿಕೆಯ ಕಡೆ ಕೈ ಮಾಡಿ ಕೂಗಿದರು:

"ಲೇ ಹನಮಾ! ಅದು ನಿಮ್ಮಪ್ಪನ ಕೈ ಅಲ್ಲೇನಲೇ!"

ಈ ಒಂದು ಮಾತು ಯಾರ ಬಾಯಿಂದಲೂ ಬರಬಾರದೆಂದು ಅಪ್ಪ ಇಡೀ ಜನ್ಮ ಇಂಪಾಗಿ ನುಡಿಸಿದವನು. ಕಾಕಾ ಪ್ರೀತಿಯಿಂದಲೇ ಹೇಳಿದ್ದರು. ಆದರೂ ಅಪ್ಪ ಕೀಬೋರ್ಡ್ ಬಿಟ್ಟು ಇಳಿದು ಹೋಗುತ್ತಾನೆ, ಇನ್ನು ಯಾವತ್ತೂ ನಮ್ಮ ಜೊತೆ ನಿಲ್ಲುವುದಿಲ್ಲ ಎಂದುಕೊಂಡೆ.

ಅಪ್ಪ ಅಂಗಿಯ ತೋಳಿನಿಂದ ಮುಖದ ಬೆವರು ಒರೆಸಿಕೊಂಡ. ಮೈಕನ್ನು ತನ್ನ ಕಡೆ ಎಳೆದುಕೊಂಡ.

"ಹೌದ್ರಿ ಕಾಕಾ, ನಮ್ಮಪ್ಪನ ಕೈಯ. ಅವಗ ಬಾ ಅಂದ್ರ ಹೋಗಬೇಕಿತ್ತು. ನನಗ ಬರೂದೂ ಬಿಡೂದೂ ನಿನ್ನ ಇಚ್ಛಾ ಅಂದ್ಳು ನನ್ನ ಮಗಳು. ಅದಕ್ಕ ಬಂದೆ."

ಗೂಳಪ್ಪ ಕಾಕಾ ನಿಂತೇ ಇದ್ದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಎತ್ತಿ ಅಪ್ಪನಿಗೆ ಮುಗಿದರು. ಅಪ್ಪ ಏನು ಮಾಡಬೇಕೆಂದು ತಿಳಿಯದೆ ನನ್ನ ಮೇಲೆ ರೇಗಿದ.

"ಏನ ನೋಡ್ಕೋತ ನಿಂತೀಬೇ? ನಡು ಮೈಕಿಗೆ ನಡಿ. ಮುಂದಿನ ಹಾಡು ತಗಿ."